ಜಠರಾಗ್ನಿಯೊಳಗಿನ ಒಕ್ಕಲು

ಕನ್ನಡದಲ್ಲಿ ಹೊಟ್ಟೆಯೆಂಬ ಮಾತಿಗೆ ಇರುವಷ್ಟು ಕೆಲಸ ದೇಹದ ಬೇರೆ ಅಂಗಗಳ ಹೆಸರಿಗೆ ಇದ್ದಂತೆ ತೋರದು. ದುಡಿಮೆಯನ್ನು ಹೊಟ್ಟೆಪಾಡು ಎನ್ನುತ್ತೇವೆ; ಮತ್ಸರವನ್ನು ಹೊಟ್ಟೆಕಿಚ್ಚು ಎನ್ನುತ್ತೇವೆ; ತಪ್ಪನ್ನು ಮನ್ನಿಸಿರೆಂದು ಕೇಳುವಾಗ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಕಿಚ್ಚು, ಉರಿ, ಬೇಗೆ ಇವೆಲ್ಲ ಹೊಟ್ಟೆಯ ನೆರೆಯಲ್ಲಿಯೇ ಬಾಳುವ ಮಾತುಗಳು. ನಮ್ಮ ಹಿರಿಯರಂತೂ ಅಲ್ಲಿ ಒಂದು ಅಗ್ನಿಯನ್ನೇ ಪ್ರತಿಷ್ಠಾಪಿಸಿ ಅದನ್ನು ಜಠರಾಗ್ನಿಯೆಂದು ಕರೆದರು. ಆ ಹೆಸರು ಬರಿಯ ಅಲಂಕಾರವಲ್ಲ. ಜಠರದ ಒಳಪೊರೆ ಸ್ರವಿಸುವುದು ಹೈಡ್ರೋಕ್ಲೋರಿಕ್ ಆಮ್ಲ. ಆ ರಸದಲ್ಲಿ ಸತುವಿನ ಚೂರೊಂದನ್ನು ಹಾಕಿಟ್ಟರೆ ಗುಳ್ಳೆಯೆದ್ದು ಲೋಹ ಕರಗತೊಡಗುತ್ತದೆ. ಅನ್ನದೊಡನೆ, ನೀರಿನೊಡನೆ ಒಳಹೊಕ್ಕ ರೋಗಾಣುಗಳಲ್ಲಿ ಬಹುಪಾಲು ಅಲ್ಲಿಯೇ ನಾಶವಾಗುತ್ತವೆ.

ಅಂಥ ಬೆಂಕಿಯ ನಡುವೆ ಒಂದು ಜೀವಿ ಒಕ್ಕಲಾಗಿ ಕುಳಿತಿದೆ. ಲೋಕದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಜಠರದಲ್ಲಿ ಅದರ ವಾಸ. ಸಾಮಾನ್ಯವಾಗಿ ಎಳವೆಯಲ್ಲಿಯೇ, ಮನೆಯವರಿಂದಲೇ ಬರುತ್ತದೆ. ಔಷಧಿಯಿಂದ ಓಡಿಸದಿದ್ದರೆ ಐವತ್ತು ಅರವತ್ತು ವರ್ಷವಾದರೂ ಜಾಗ ಬಿಡದು. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿನಷ್ಟು ಉದ್ದ, ಬಿರಡೆ ತೆಗೆಯುವ ತಿರುಪಿನಂತೆ ಸುತ್ತಿಕೊಂಡ ಮೈ, ಒಂದು ತುದಿಯಲ್ಲಿ ನಾಲ್ಕಾರು ಚಾವಟಿಯಂಥ ಬಾಲಗಳು. ಅದು ಆಮ್ಲದಲ್ಲಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಉತ್ತರವೂ ಬೇಗ ದೊರೆಯಿತು. ಅದು ಅಲ್ಲಿ ಹೇಗೆ ಹಿಡಿದುಕೊಂಡು ನಿಲ್ಲುತ್ತದೆ ಎಂಬುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಇಂದು ನಾನು ಹೇಳಹೊರಟಿರುವುದು ಅದನ್ನು.

ನಾನು ಕೃಷ್ಣೆಯ ದಂಡೆಯ ಹಿಪ್ಪರಗಿಯವನು. ಈಗ ಅಲ್ಲಿ ಬ್ಯಾರೇಜಿನ ಗೇಟುಗಳ ಹಿಂದೆ ನೀರು ಕೆರೆಯಂತೆ ನಿಲ್ಲುತ್ತದೆ. ಬ್ಯಾರೇಜು ಇಲ್ಲದ ನನ್ನ ಬಾಲ್ಯದಲ್ಲಿ ಮಳೆಗಾಲದ ಹೊಳೆ ಬೇರೆಯೇ ಆಗಿತ್ತು. ದೂರದ ಮಹಾಬಳೇಶ್ವರದ ಕಡೆ ಮಳೆ ಹಿಡಿಯಿತೆಂದರೆ, ನಮ್ಮಲ್ಲಿ ಬಿಸಿಲಿದ್ದರೂ ಕೆನ್ನೀರು ಏರಿ ಬರುತ್ತಿತ್ತು. ಬಣವೆ, ಬೇಲಿ, ಕಟ್ಟಿಗೆ, ಕಟ್ಟಿಹಾಕದ್ದೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ನೀರು ಇಳಿದ ಮೇಲೆ ನೋಡಿದರೆ ದಂಡೆಯ ಕಲ್ಲಿನ ಪಾಚಿ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು. ಕಾಲಿಟ್ಟವನು ಜಾರಬೇಕೇ ಹೊರತು ಪಾಚಿ ಜಾರದು.

ಜಠರವೂ ಒಂದು ಹೊಳೆಯೆಂದೇ ತಿಳಿಯಿರಿ. ದಿನಕ್ಕೆ ಸುಮಾರು ಎರಡು ಲೀಟರು ರಸ ಅಲ್ಲಿ ಸುರಿಯುತ್ತದೆ. ಗೋಡೆಯ ಸ್ನಾಯುಗಳು ನಿಮಿಷಕ್ಕೆ ಸುಮಾರು ಮೂರು ಬಾರಿ ಅಲೆಯೆಬ್ಬಿಸಿ ಉಂಡದ್ದನ್ನು ಕಡೆದು ಕೆಳಕ್ಕೆ ತಳ್ಳುತ್ತವೆ. ಈಜಬಲ್ಲ ಬ್ಯಾಕ್ಟೀರಿಯವೊಂದು ಇಲ್ಲಿ ಬರಿಯ ಈಜಿನಿಂದಲೇ ನೆಲೆ ನಿಲ್ಲುವುದು ಕಷ್ಟ. ಪಾಚಿಗಾದರೆ ಹಿಡಿದುಕೊಳ್ಳಲು ಸ್ಥಿರವಾದ ಕಲ್ಲಾದರೂ ಇದೆ. ಜಠರದಲ್ಲಿ ಆ ಕಲ್ಲೂ ಸ್ಥಿರವಲ್ಲ. ಒಳಪೊರೆಯ ಮೇಲೆ ಲೋಳೆಯ ಒಂದು ಹೊದಿಕೆ ಇದೆ. ಅದು ಮೇಲಿನಿಂದ ಸವೆಯುತ್ತ ಕೆಳಗಿನಿಂದ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಲೋಳೆಯ ಕೆಳಗಿನ ಜೀವಕೋಶಗಳಾದರೋ ಮೂರರಿಂದ ಐದು ದಿನಗಳಲ್ಲಿ ಕಳಚಿ ಬಿದ್ದು, ಅವುಗಳ ಜಾಗಕ್ಕೆ ಹೊಸ ಕೋಶಗಳು ಬರುತ್ತವೆ. ಬಿಗಿಯಾಗಿ ಅಂಟಿ ಕುಳಿತ ಬ್ಯಾಕ್ಟೀರಿಯ ಆ ಕೋಶದೊಡನೆಯೇ ಆಮ್ಲದ ಮಡುವಿಗೆ ಬೀಳಬೇಕು. ಅಂಟದಿದ್ದರೆ ಹೊಳೆ ಒಯ್ಯುತ್ತದೆ. ಅಂಟಿದರೆ ದಂಡೆಯೇ ಕುಸಿಯುತ್ತದೆ. ಈ ಇಕ್ಕಟ್ಟಿನಿಂದ ಆ ಜೀವಿ ಪಾರಾದ ಬಗೆಯೇ ನಮ್ಮ ವಿಷಯ.

ಮೊದಲು ಅದು ಪತ್ತೆಯಾದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು ಜಠರದ ಉರಿಯೂತವಿದ್ದವರ ಒಳಪೊರೆಯ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಗಳನ್ನು ಮತ್ತೆ ಮತ್ತೆ ಕಂಡರು. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರ ಜೊತೆಗೂಡಿದರು. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಮಾಡಿದ ಯತ್ನಗಳೆಲ್ಲ ವಿಫಲವಾದವು; ಏಕೆಂದರೆ ಎರಡು ದಿನ ಕಾದು ಏನೂ ಕಾಣದಿದ್ದರೆ ತಟ್ಟೆಯನ್ನು ಎಸೆಯುವುದು ಅಲ್ಲಿನ ರೂಢಿ. 1982ರಲ್ಲಿ ಈಸ್ಟರ್ ರಜೆ ಬಂದುದರಿಂದ ತಟ್ಟೆಗಳು ಐದಾರು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆ ಬಂದಿತ್ತು. ಜಠರದಲ್ಲಿ ಬ್ಯಾಕ್ಟೀರಿಯ ಬಾಳಲಾರದೆಂದು ನಂಬಿದ್ದ ಪಂಡಿತರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯದ ಕಷಾಯವನ್ನು ಕುಡಿದು ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತಗಳನ್ನು ಬರಿಸಿಕೊಂಡರು. ನಮ್ಮ ಪುರಾಣಗಳಲ್ಲಿ ವಿಷ ಕುಡಿದವರಿದ್ದಾರೆ. ವೈದ್ಯಪತ್ರಿಕೆಯಲ್ಲಿ ಲೇಖನ ಬರೆಯುವುದಕ್ಕಾಗಿ ಕುಡಿದವರು ವಿರಳ. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು.

ಈ ಶೋಧಕ್ಕೆ ಮುಂಚಿನ ಕಾಲದಲ್ಲಿ ಹೊಟ್ಟೆಹುಣ್ಣು ಎಂದರೆ ಏನಾಗಿತ್ತು ಎಂಬುದನ್ನು ನಾನು ನನ್ನ ಸೋದರಮಾವನಲ್ಲಿ ಕಂಡಿದ್ದೆ. ಅವರು ಬನಹಟ್ಟಿಯಲ್ಲಿ ಮಗ್ಗ ಹಾಕಿಕೊಂಡಿದ್ದ ನೇಕಾರರು. ಹಗಲಿಡೀ ಲಾಳಿ ಹೊಡೆಯುವಾಗ ಇಲ್ಲದ ನೋವು ನಡುರಾತ್ರಿಯಲ್ಲಿ, ಹೊಟ್ಟೆ ಬರಿದಾದ ಹೊತ್ತಿನಲ್ಲಿ ಏಳುತ್ತಿತ್ತು. ಎದ್ದು ಕುಳಿತು ಕತ್ತಲೆಯಲ್ಲಿಯೇ ಕಟಿಯಾದ ಜೋಳದ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದರು. ತಿಂದರೆ ನೋವು ತಗ್ಗುತ್ತಿತ್ತು. ಕರುಳಿನ ಮೊದಲ ಭಾಗದ ಹುಣ್ಣಿನ ಲಕ್ಷಣವೇ ಇದು. ಆದರೆ ಎಲ್ಲ ಕಡೆಯೂ ಅವರಿಗೆ ದೊರೆತ ಉಪದೇಶ ಒಂದೇ: ರೊಟ್ಟಿ ಬಿಡು, ಖಾರ ಬಿಡು, ಸಿಟ್ಟು ಬಿಡು, ಚಿಂತೆ ಬಿಡು, ಹಾಲು ಗಂಜಿ ಕುಡಿ. “ರೊಟ್ಟಿ ತಿಂದ್ರ ನೋವು ತಗ್ಗತೈತಿ, ಅದನ್ನ ಬಿಡು ಅಂತಾರ. ಚಿಂತಿ ಬಿಟ್ರ ನೂಲಿನ ಸಾಲ ಯಾರು ತೀರಸ್ತಾರೋ ತಮ್ಮಾ?” ಎಂದು ನನ್ನನ್ನು ಕೇಳುತ್ತಿದ್ದರು. 1976ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು: ಜಠರಕ್ಕೆ ಹೋಗುವ ನರವನ್ನು ಕತ್ತರಿಸಿ, ಜಠರದಿಂದ ಕರುಳಿಗೆ ಹೊಸ ದಾರಿ ಹೊಲಿದರು. ಅಂದಿನ ತಿಳಿವಳಿಕೆಗೆ ಅದು ಸರಿಯಾದ ಚಿಕಿತ್ಸೆಯೇ. ಅವರು ಬದುಕಿದರು. ಆದರೆ ಮನೆಯಲ್ಲಿ ಆರೋಪ ಹೊತ್ತವರು ನಮ್ಮ ಅತ್ತೆ. ಅವರು ಅರೆಯುತ್ತಿದ್ದ ಕೆಂಪು ಮೆಣಸಿನಕಾಯಿಯ ರಂಜಕ ಓಣಿಗೆಲ್ಲ ಹೆಸರಾಗಿತ್ತು. ಗಂಡನ ಹೊಟ್ಟೆಯನ್ನು ಸುಟ್ಟದ್ದು ಆ ರಂಜಕವೆಂದು ಬಂಧುಗಳು ಆಡಿದರು. ಅಂದಿನಿಂದ ಆ ಮನೆಯ ಒರಳು ಖಾರ ಕಾಣಲಿಲ್ಲ.

ನಾನು ಮುಂದೆ ಸೂಕ್ಷ್ಮಜೀವಿಶಾಸ್ತ್ರ ಓದಿ ಅದನ್ನೇ ಕಲಿಸುವ ಕೆಲಸಕ್ಕೆ ಸೇರಿದೆ. ಈ ಬ್ಯಾಕ್ಟೀರಿಯದ ಪಾಠ ಮಾಡುವಾಗಲೆಲ್ಲ ಅತ್ತೆಯ ಒರಳು ನೆನಪಾಗುತ್ತಿತ್ತು. ಖಾರಕ್ಕೆ ಹೊಟ್ಟೆಯುರಿ ಹೆಚ್ಚಿಸುವ ಗುಣ ಇಲ್ಲವೆಂದಲ್ಲ. ಇದ್ದ ಗಾಯಕ್ಕೆ ಅದು ತಾಗಿದರೆ ಉರಿಯುವುದು ಸಹಜ. ಗಾಯ ಮಾಡುವುದು ಬೇರೆ ಮಾತು. 1988ರಲ್ಲಿ ಅಮೆರಿಕದ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಖಾರದ ಊಟ ಮಾಡಿದವರ ಜಠರವನ್ನು ಒಳದರ್ಶಕದಿಂದ ನೋಡಿದರು. ಒಳಪೊರೆಗೆ ಗಾಯವಾದದ್ದು ಕಾಣಲಿಲ್ಲ.

ಇನ್ನು ಹಿಡಿತದ ವಿಚಾರ. ಜಠರಕ್ಕೆ ಬಂದಿಳಿದ ಈ ಬ್ಯಾಕ್ಟೀರಿಯಕ್ಕೆ ಮೊದಲ ಕೆಲಸ ಆಮ್ಲದಿಂದ ಓಡಿಹೋಗುವುದು. ಅದರ ಬಳಿ ಯೂರಿಯೇಸ್ ಎಂಬ ಕಿಣ್ವ ಹೇರಳವಾಗಿದೆ. ನಮ್ಮ ರಕ್ತದಿಂದ ಜಠರರಸಕ್ಕೆ ಜಿನುಗುವ ಯೂರಿಯವನ್ನು ಅದು ಒಡೆದು ಅಮೋನಿಯ ಮಾಡಿಕೊಳ್ಳುತ್ತದೆ. ಅಮೋನಿಯ ಸುತ್ತಲಿನ ಹುಳಿಯನ್ನು ಮುರಿಯುತ್ತದೆ. ನಾವು ಹೊಲಕ್ಕೆ ಚೆಲ್ಲುವ ಯೂರಿಯ ಗೊಬ್ಬರವೂ ಮಣ್ಣಿನಲ್ಲಿ ಇದೇ ಕಿಣ್ವದಿಂದಲೇ ಒಡೆಯುತ್ತದೆ. ಹೀಗೆ ಹುಳಿ ಕಳೆದುಕೊಂಡ ಲೋಳೆ ಸುತ್ತಮುತ್ತ ತೆಳ್ಳಗಾಗುತ್ತದೆ. ತಿರುಪಿನಂಥ ಮೈಯ ಈ ಜೀವಿ ಬಾಲ ಬೀಸುತ್ತ ಅದರೊಳಗೆ ದಾರಿ ಮಾಡಿಕೊಳ್ಳುತ್ತದೆ. ಆಮ್ಲ ಯಾವ ಕಡೆ ಹೆಚ್ಚು, ಯಾವ ಕಡೆ ಕಡಿಮೆ ಎಂಬುದನ್ನು ಅದು ಅರಿಯಬಲ್ಲದು. ಲೋಳೆಯ ಮೇಲ್ಭಾಗ ಉರಿಯುವ ಹುಳಿ. ಒಳಪೊರೆಗೆ ತಾಗಿದ ತಳಭಾಗ ಬಹುಮಟ್ಟಿಗೆ ಶಾಂತ. ಅದು ತಳವನ್ನು ಸೇರುತ್ತದೆ. ಬಹುಪಾಲು ಸಂತತಿ ಅಲ್ಲಿಯೇ ಲೋಳೆಯಲ್ಲಿ ಈಜಾಡಿಕೊಂಡಿದ್ದರೆ, ಒಂದು ಪಾಲು ಮಾತ್ರ ಜೀವಕೋಶಗಳನ್ನು ಹಿಡಿದುಕೊಂಡು ಕೂರುತ್ತದೆ. ಬೀಜಕ್ಕೆಂದು ಎತ್ತಿಟ್ಟ ಕಾಳಿನಂತೆ, ವಂಶವನ್ನು ಉಳಿಸುವುದು ಆ ಸಣ್ಣ ಪಾಲು.

ಹಿಡಿದುಕೊಳ್ಳುವುದು ಅಂಟಿನಿಂದಲ್ಲ. ಕಾರ್ತೀಕದ ದಿನಗಳಲ್ಲಿ ಹೊಲದ ಬದುವಿನ ಮೇಲೆ ನಡೆದು ಬಂದರೆ ಧೋತರದ ಅಂಚಿಗೆ ಉತ್ತರಾಣಿಯ ಕಾಳು ಹತ್ತಿಕೊಂಡಿರುತ್ತದೆಯಲ್ಲವೆ? ಅದು ಬಟ್ಟೆಗೆ ಹತ್ತುತ್ತದೆ, ನುಣುಪಾದ ಹಿತ್ತಾಳೆಯ ತಂಬಿಗೆಗೆ ಹತ್ತದು; ಕೊಕ್ಕೆಗೆ ತಕ್ಕ ನೂಲಿನ ಕುಣಿಕೆ ಬೇಕು. ನಮ್ಮ ಜೀವಕೋಶಗಳ ಮೈಮೇಲೆ ಸಕ್ಕರೆಗಳಿಂದಾದ ಅಂಥ ಕುಣಿಕೆಗಳು ದಟ್ಟವಾಗಿ ಬೆಳೆದಿರುತ್ತವೆ. ಸಕ್ಕರೆಯೆಂದರೆ ನಾವು ಚಹಕ್ಕೆ ಹಾಕುವ ಸಕ್ಕರೆಯಲ್ಲ. ಅದರ ಬಂಧುಗಳಾದ ಬೇರೆ ಬೇರೆ ಸಕ್ಕರೆಯ ಅಣುಗಳು ಒಂದರ ತುದಿಗೊಂದು ಹೆಣೆದುಕೊಂಡ ಸಣ್ಣ ಕೊಂಬೆಗಳು. ನಮ್ಮ ರಕ್ತದ ಗುಂಪು ಓ, ಎ, ಬಿ ಎಂದು ವಿಂಗಡವಾಗುವುದು ಕೂಡ ಇಂಥ ಕೊಂಬೆಗಳ ತುದಿಯಿಂದಲೇ. ಓ ಗುಂಪಿನವರಲ್ಲಿ ಕೊಂಬೆಯ ತುದಿ ಬರಿದು. ಎ ಗುಂಪಿನವರಲ್ಲಿ ಅದಕ್ಕೆ ಒಂದು ಸಕ್ಕರೆ ಹೆಚ್ಚು. ಬಿ ಗುಂಪಿನವರಲ್ಲಿ ಬೇರೊಂದು ಸಕ್ಕರೆ ಹೆಚ್ಚು. ಈ ಗುರುತುಗಳು ರಕ್ತದಲ್ಲಿ ಮಾತ್ರ ಇವೆಯೆಂದು ನಾವು ಭಾವಿಸಿರುತ್ತೇವೆ. ಹೆಚ್ಚಿನವರಲ್ಲಿ ಅವು ಜೊಲ್ಲಿನಲ್ಲಿಯೂ ಜಠರದ ಒಳಪೊರೆಯಲ್ಲಿಯೂ ಇರುತ್ತವೆ. ಹೆಸರೇನೋ ರಕ್ತದ ಗುಂಪು. ವಾಸ್ತವದಲ್ಲಿ ಅದು ಇಡೀ ಮೈಯ ಮೇಲಿನ ಮನೆತನದ ಮುದ್ರೆ.

1954ರಲ್ಲಿಯೇ ಇಂಗ್ಲೆಂಡಿನ ಶಸ್ತ್ರವೈದ್ಯ ಇಯಾನ್ ಏರ್ಡ್ ಮತ್ತು ಸಂಗಡಿಗರು ಆಸ್ಪತ್ರೆಗಳ ದಾಖಲೆ ನೋಡಿ ಒಂದು ವಿಚಿತ್ರವನ್ನು ಪ್ರಕಟಿಸಿದ್ದರು: ಜಠರದ ಮತ್ತು ಕರುಳಿನ ಹುಣ್ಣು ಬಂದವರಲ್ಲಿ ಓ ಗುಂಪಿನವರು ಜನಸಂಖ್ಯೆಯಲ್ಲಿರುವ ಪ್ರಮಾಣಕ್ಕಿಂತ ಹೆಚ್ಚಾಗಿದ್ದರು. ಕಾರಣ ಯಾರಿಗೂ ತಿಳಿಯಲಿಲ್ಲ. ಹುಣ್ಣು ಚಿಂತೆಯಿಂದ ಬರುವುದಾದರೆ, ಚಿಂತೆ ರಕ್ತದ ಗುಂಪು ನೋಡಿಕೊಂಡು ಬರುವುದುಂಟೆ? ನನ್ನ ಮಾವನ ರಕ್ತವೂ ಓ ಗುಂಪಿನದು. ಶಸ್ತ್ರಚಿಕಿತ್ಸೆಗೆ ಮುನ್ನ ನೋಡಿ ಬರೆದಿದ್ದರು. ಒಬ್ಬರ ಉದಾಹರಣೆಯಿಂದ ಏನೂ ಸಿದ್ಧವಾಗದೆಂಬುದು ನಿಜ.

ಸ್ವೀಡನ್ನಿನ ತೋಮಸ್ ಬೊರೇನ್ ಮತ್ತು ಸಂಗಡಿಗರು 1993ರಲ್ಲಿ, ಪೈಲೋರಿ ಬ್ಯಾಕ್ಟೀರಿಯ ಮನುಷ್ಯನ ಜಠರದ ಒಳಪೊರೆಯಲ್ಲಿ ಹಿಡಿಯುವುದು ಈ ರಕ್ತಗುಂಪಿನ ಸಕ್ಕರೆಗಳನ್ನೇ ಎಂದು ತೋರಿಸಿದರು. ಮುಖ್ಯವಾಗಿ ಲೂಯಿಸ್-ಬಿ ಎಂಬ ಕೊಂಬೆಯನ್ನು. ಅದರಲ್ಲಿಯೂ ಓ ಗುಂಪಿನವರಲ್ಲಿ ಇರುವ ಬರಿದು ತುದಿಯ ಕೊಂಬೆಯನ್ನು. 1998ರಲ್ಲಿ ಅದೇ ಬಳಗ ಬ್ಯಾಕ್ಟೀರಿಯದ ಕಡೆಯ ಕೊಕ್ಕೆಯನ್ನೂ ಪತ್ತೆಹಚ್ಚಿತು. ಅದು ಬ್ಯಾಕ್ಟೀರಿಯದ ಹೊರಮೈಯಲ್ಲಿರುವ ಒಂದು ಪ್ರೋಟೀನು. ಬಾಬ್-ಎ ಎಂದು ಅದನ್ನು ಕರೆಯುತ್ತಾರೆ. ಏರ್ಡ್ ಕಂಡ ಒಗಟು ಬಿಡಿಸಿತೆಂದೇ ಹಲವರು ಹಿಗ್ಗಿದರು. ಪ್ರಕೃತಿ ಅಷ್ಟು ಸರಳವಾಗಿ ಲೆಕ್ಕ ಒಪ್ಪಿಸುವುದಿಲ್ಲ. 2004ರಲ್ಲಿ ಲೋಕದ ನಾನಾ ಕಡೆಯ ಬ್ಯಾಕ್ಟೀರಿಯಗಳನ್ನು ಕೂಡಿಸಿ ನೋಡಿದಾಗ, ಹೆಚ್ಚಿನ ಕಡೆಯವು ಎ ಗುಂಪಿನ ತುದಿಯನ್ನೂ ಸಲೀಸಾಗಿ ಹಿಡಿಯಬಲ್ಲವು ಎಂದು ತಿಳಿಯಿತು. ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಜಠರದ ಬ್ಯಾಕ್ಟೀರಿಯಗಳಲ್ಲಿ ಮಾತ್ರ ಬಹಳಷ್ಟು ಓ ತುದಿಯನ್ನೇ ನೆಚ್ಚಿಕೊಂಡಿದ್ದವು. ಅಲ್ಲಿನ ಆ ಜನ ಬಹುತೇಕ ಎಲ್ಲರೂ ಓ ಗುಂಪಿನವರು! ಮಾನವನು ಆಫ್ರಿಕವನ್ನು ಬಿಟ್ಟು ಹೊರಟಾಗ, ಸುಮಾರು ಅರವತ್ತು ಸಾವಿರ ವರ್ಷಗಳ ಹಿಂದೆ, ಈ ಒಕ್ಕಲೂ ಅವನ ಹೊಟ್ಟೆಯಲ್ಲಿಯೇ ಪಯಣ ಹೊರಟಿತು. ಹೋದ ಹೋದ ನಾಡಿನಲ್ಲಿ ಮನೆಯೊಡೆಯನ ಬಾಗಿಲಿನ ಅಳತೆಗೆ ತನ್ನ ಕೊಕ್ಕೆಯನ್ನು ತಿದ್ದಿಕೊಳ್ಳುತ್ತ ಬಂದಿತು.

ಈ ಮಾತಿಗೆ ಹೊಂದಿಕೊಂಡ ಒಂದು ಸಂಗತಿ ನಮ್ಮ ಸೀಮೆಗೇ ಸೇರಿದ್ದು. 1952ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಅದುವರೆಗೆ ಯಾರೂ ಕಾಣದ ಒಂದು ರಕ್ತದ ಗುಂಪನ್ನು ಗುರುತಿಸಿದರು. ‘ಬಾಂಬೆ ಗುಂಪು’ ಎಂದೇ ಅದು ಲೋಕದಲ್ಲಿ ಹೆಸರಾಗಿದೆ. ಪಶ್ಚಿಮ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಇತರ ಕಡೆಗಿಂತ ಅದು ಹೆಚ್ಚು ಕಾಣಿಸುತ್ತದೆ. ಹಾಗೆಂದರೂ ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎಂದು ಲೆಕ್ಕ. ಓ, ಎ, ಬಿ ಮೂರಕ್ಕೂ ತಳಹದಿಯಾದ ಸಕ್ಕರೆಯ ತುಣುಕೇ ಇವರ ಕೊಂಬೆಗಳಲ್ಲಿ ಇಲ್ಲ. ಅದಿಲ್ಲದೆ ಲೂಯಿಸ್-ಬಿ ಕೂಡ ಕಟ್ಟಲಾಗದು. ಎಂದರೆ, ಬಾಬ್-ಎ ಕೊಕ್ಕೆಗೆ ಬೇಕಾದ ಕುಣಿಕೆಯೇ ಇವರ ಜಠರದಲ್ಲಿ ಹುಟ್ಟುವುದಿಲ್ಲ. ಇವರಿಗೆ ಈ ಬ್ಯಾಕ್ಟೀರಿಯದ ಭಯವೇ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಅದರ ಜೋಳಿಗೆಯಲ್ಲಿ ಬೇರೆ ಕೊಕ್ಕೆಗಳೂ ಇವೆ. ಅವನ್ನು ಆಮೇಲೆ ಹೇಳುತ್ತೇನೆ.

ಹಿಡಿಯುವ ಬಗೆ ಇದಾಯಿತು. ನನಗೆ ಇದಕ್ಕಿಂತ ಹೆಚ್ಚು ಬೆರಗು ತಂದದ್ದು ಬಿಡುವ ಬಗೆ. ಹಿಡಿದ ಕೋಶ ನಾಲ್ಕೈದು ದಿನಕ್ಕೆ ಕಳಚಿ ಬೀಳುತ್ತದೆ ಎಂದೆನಲ್ಲ. ಅದರೊಡನೆ ಬ್ಯಾಕ್ಟೀರಿಯವೂ ಆಮ್ಲಕ್ಕೆ ಬಿದ್ದು ಸಾಯಬೇಕಿತ್ತು. 2017ರಲ್ಲಿ ಬೊರೇನ್ ಬಳಗದವರೇ ಇದನ್ನು ಬಿಡಿಸಿ ಹೇಳಿದರು. ಬಾಬ್-ಎ ಕೊಕ್ಕೆ ಹುಳಿಗೆ ಅಂಜುತ್ತದೆ. ಒಳಪೊರೆಯ ಹತ್ತಿರದ ಶಾಂತ ಜಾಗದಲ್ಲಿ ಅದು ಬಿಗಿಯಾಗಿ ಹಿಡಿಯುತ್ತದೆ. ಕೋಶ ಕಳಚಿ ಹುಳಿಯ ಕಡೆಗೆ ತೇಲತೊಡಗಿದ ಕೂಡಲೆ ಹಿಡಿತ ತಾನಾಗಿ ಸಡಿಲುತ್ತದೆ. ಬ್ಯಾಕ್ಟೀರಿಯ ಮುಳುಗುವ ದೋಣಿಯಿಂದ ಜಿಗಿದು, ಬಾಲ ಬೀಸುತ್ತ ಮತ್ತೆ ದಂಡೆಗೆ ಬರುತ್ತದೆ. ಹುಳಿ ಇಳಿದಲ್ಲಿ ಕೊಕ್ಕೆ ಮತ್ತೆ ಮೊದಲಿನಂತೆ ಹಿಡಿಯುತ್ತದೆ. ಜಠರದಲ್ಲಿ ಆಮ್ಲ ಹೆಚ್ಚು ಇರುವೆಡೆಯ ತಳಿಗಳಿಗೂ ಕಡಿಮೆ ಇರುವೆಡೆಯ ತಳಿಗಳಿಗೂ ಈ ಅಂಜಿಕೆಯಲ್ಲಿ ವ್ಯತ್ಯಾಸವಿದೆ. ಒಂದೇ ಮನೆಯ ಬೇರೆ ಬೇರೆ ಕೋಣೆಗಳಿಗೆ ಬೇರೆ ಬೇರೆ ಬೀಗದಂತೆ. ಬಲವಾಗಿ ಹಿಡಿಯುವವರು ಎಷ್ಟೋ ಮಂದಿ ಇರುತ್ತಾರೆ. ಯಾವಾಗ ಬಿಡಬೇಕೆಂಬುದನ್ನು ಬಲ್ಲವರು ಕಡಿಮೆ. ಈ ಕಣ್ಣಿಲ್ಲದ, ಮಿದುಳಿಲ್ಲದ ಜೀವಿಗೆ ಅದು ತಿಳಿದಿದೆ.

ಹಾಗಾದರೆ ನಮ್ಮ ಶರೀರ ಸುಮ್ಮನೆ ನೋಡುತ್ತ ಕುಳಿತಿದೆಯೆ? ಇಲ್ಲ. ಹಲ್ಲಿಯ ಬಾಲವನ್ನು ಬೆಕ್ಕು ಹಿಡಿದರೆ ಹಲ್ಲಿ ಬಾಲವನ್ನೇ ಕಳಚಿಕೊಟ್ಟು ಪಾರಾಗುತ್ತದೆ. ನಮ್ಮ ಜಠರದ ಕೋಶಗಳೂ ಅದನ್ನೇ ಮಾಡುತ್ತವೆ. ಅವುಗಳ ಮೈಯಿಂದ ಉದ್ದುದ್ದನೆಯ ಕೆಲವು ಅಣುಗಳು ಹೊರಚಾಚಿಕೊಂಡಿವೆ. ಬ್ಯಾಕ್ಟೀರಿಯ ಬಂದು ಅದರ ತುದಿಯ ಸಕ್ಕರೆಯನ್ನು ಹಿಡಿದರೆ ಕೋಶ ಆ ಅಣುವನ್ನೇ ಕಳಚಿ ಬಿಟ್ಟುಬಿಡುತ್ತದೆ. ಬ್ಯಾಕ್ಟೀರಿಯ ಬಾಲ ಹಿಡಿದ ಬೆಕ್ಕಿನಂತೆ ಬರಿಗೈಯಲ್ಲಿ ಉಳಿಯುತ್ತದೆ. ಲೋಳೆಯಲ್ಲಿಯೂ ಅದೇ ಸಕ್ಕರೆಯ ಕೊಂಬೆಗಳು ತುಂಬಿಕೊಂಡಿವೆ; ಕೋಶದ ಬಳಿ ತಲುಪುವ ಮುನ್ನವೇ ಎಷ್ಟೋ ಬ್ಯಾಕ್ಟೀರಿಯಗಳು ಈ ಸೋಗಿನ ಕುಣಿಕೆಗಳಿಗೆ ಸಿಕ್ಕಿಕೊಂಡು ಲೋಳೆಯೊಡನೆ ಹೊರಕ್ಕೆ ಸಾಗುತ್ತವೆ.

ಅಷ್ಟಾದರೂ ಗೆಲುವು ಹೆಚ್ಚಾಗಿ ಒಕ್ಕಲಿನದೇ. ಕಾರಣ, ಅದರ ಎರಡನೆಯ ಕೊಕ್ಕೆ. ಬ್ಯಾಕ್ಟೀರಿಯ ಬಂದುದರಿಂದ ಒಳಪೊರೆಯಲ್ಲಿ ಉರಿಯೂತ ಹುಟ್ಟುತ್ತದೆ. ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಉರಿಯೂತದಲ್ಲಿ ಕೋಶಗಳು ತಮ್ಮ ಸಕ್ಕರೆಯ ಕೊಂಬೆಗಳನ್ನು ಬದಲಿಸುತ್ತವೆ. ಆರೋಗ್ಯದ ಜಠರದಲ್ಲಿ ಅಪರೂಪವಾದ ಒಂದು ಬಗೆಯ ಕೊಂಬೆ ಆಗ ಹೆಚ್ಚುತ್ತದೆ. ಪೈಲೋರಿಯ ಬಳಿ ಆ ಕೊಂಬೆಯನ್ನೇ ಹಿಡಿಯುವ ಸಾಬ್-ಎ ಎಂಬ ಇನ್ನೊಂದು ಪ್ರೋಟೀನು ಇದೆಯೆಂದು 2002ರಲ್ಲಿ ತಿಳಿಯಿತು. ಎಂದರೆ, ಕಳ್ಳನನ್ನು ಓಡಿಸಲು ಮನೆಯವರು ಎದ್ದು ದೀಪ ಹಚ್ಚಿದರೆ, ಆ ದೀಪದ ಬೆಳಕಿನಲ್ಲಿಯೇ ಕಳ್ಳನಿಗೆ ಹೊಸ ಬಾಗಿಲು ಕಾಣುತ್ತದೆ. 2016ರಲ್ಲಿ ಪತ್ತೆಯಾದ ಮೂರನೆಯ ಕೊಕ್ಕೆಯೊಂದು ಸಕ್ಕರೆಯನ್ನಲ್ಲ, ಕೋಶದ ಪ್ರೋಟೀನನ್ನೇ ಹಿಡಿಯುತ್ತದೆ. ಹೀಗೆ ಅಲುಗದಂತೆ ಹಿಡಿದುಕೊಂಡು, ಕೆಲವು ತಳಿಗಳು ಸಿರಿಂಜಿನಂಥ ಒಂದು ಯಂತ್ರದಿಂದ ತಮ್ಮ ಪ್ರೋಟೀನೊಂದನ್ನು ನಮ್ಮ ಕೋಶದೊಳಕ್ಕೆ ಚುಚ್ಚುತ್ತವೆ. ಹುಣ್ಣಿನ ದಾರಿಯೂ, ಕೆಲವರಲ್ಲಿ ಹತ್ತಾರು ವರ್ಷಗಳ ಬಳಿಕ ಜಠರದ ಕ್ಯಾನ್ಸರಿನ ದಾರಿಯೂ ಇಲ್ಲಿಂದ ತೆರೆಯುತ್ತವೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಬ್ಯಾಕ್ಟೀರಿಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಂಕ್ತಿಯಲ್ಲಿ ಸೇರಿಸಿತು.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ. ಅದನ್ನು ಎತ್ತಿದವರು ನಮ್ಮ ಮೈಸೂರಿನ ಸಂಬಂಧವಿದ್ದವರು. ಫ್ರ್ಯಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು 1950, 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. ಕರುಳಿನ ಹುಣ್ಣಿನವರನ್ನು ದಿನದಿನವೂ ಕಂಡ ಅವರಿಗೆ, ಭಾರತದಲ್ಲಿ ಈ ಹುಣ್ಣು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲವೆಂಬುದು ಹೊಳೆಯಿತು. ಅಕ್ಕಿಯೇ ಮುಖ್ಯ ಆಹಾರವಾದ ದಕ್ಷಿಣದಲ್ಲಿ ಹೆಚ್ಚು, ಗೋಧಿ ಉಣ್ಣುವ ಪಂಜಾಬಿನ ಕಡೆ ಕಡಿಮೆ. ಭಾರತ, ಬಾಂಗ್ಲಾದೇಶಗಳ ಹುಣ್ಣಿನ ಬಗೆಗೆ ಅವರು 1979ರಲ್ಲಿ ದೀರ್ಘವಾದ ಲೇಖನವನ್ನೇ ಬರೆದರು. ಮುಂದೆ ಹುರುಳಿಯಂಥ ಧಾನ್ಯಗಳ ಕೊಬ್ಬಿನಂಶ ಇಲಿಗಳ ಜಠರವನ್ನು ಹುಣ್ಣಿನಿಂದ ಕಾಯುತ್ತದೆಯೆಂದು ಅವರ ಸಂಗಡಿಗರು ಪ್ರಯೋಗಗಳಲ್ಲಿ ಕಂಡರು. ಪೈಲೋರಿಯ ಶೋಧವಾದ ಮೇಲೆಯೂ ಟೋವಿಯವರು ಪಟ್ಟು ಸಡಿಲಿಸಲಿಲ್ಲ: ಬ್ಯಾಕ್ಟೀರಿಯ ಎರಡೂ ಸೀಮೆಗಳಲ್ಲಿ ಹೇರಳವಾಗಿದೆ, ಹುಣ್ಣು ಮಾತ್ರ ಒಂದು ಕಡೆ ಹೆಚ್ಚು ಇದೆ, ಹಾಗಾದರೆ ಎಲ್ಲ ಹೊಣೆಯನ್ನೂ ಬ್ಯಾಕ್ಟೀರಿಯದ ತಲೆಗೆ ಕಟ್ಟುವುದು ಹೇಗೆ, ಎಂದು ಕೇಳಿದರು. ಬ್ಯಾಕ್ಟೀರಿಯವನ್ನು ಓಡಿಸಿದರೆ ಹುಣ್ಣು ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ ಎಂಬುದು ಸಿದ್ಧವಾದ ಸಂಗತಿ. ಆ ಮಟ್ಟಿಗೆ ನಾನು ಪರ್ತ್ ನಗರದವರ ಪಕ್ಷ. ಆದರೆ ಬ್ಯಾಕ್ಟೀರಿಯವನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಬದುಕಿಡೀ ಹುಣ್ಣೇ ಆಗುವುದಿಲ್ಲ. ಟೋವಿಯವರ ಪ್ರಶ್ನೆಗೆ ಆ ಮಟ್ಟಿಗೆ ಇನ್ನೂ ಜೀವವಿದೆ. ರೊಟ್ಟಿ ಬಿಟ್ಟು ಅಕ್ಕಿಯ ಗಂಜಿ ಕುಡಿಯೆಂದು ನನ್ನ ಮಾವನಿಗೆ ಉಪದೇಶ ಮಾಡಿದವರು ಆ ಲೇಖನವನ್ನು ಓದಬೇಕಿತ್ತೆಂದು ಎಷ್ಟೋ ಸಲ ಅನಿಸಿದೆ. ಆಗ ಅದು ಅಚ್ಚಾಗಿರಲಿಲ್ಲ, ನಿಜ.

ಮಾವ ಹೋದ ಮೇಲೆ ಒಮ್ಮೆ ಅತ್ತೆಗೆ ಇದನ್ನೆಲ್ಲ ತಿಳಿಯುವಂತೆ ಹೇಳಿದೆ. ಕೊಕ್ಕೆ, ಕುಣಿಕೆಗಳ ಮಾತನ್ನು ಅವರು ನೇಕಾರರ ಮನೆಯವರಾದುದರಿಂದ ನನ್ನ ವಿದ್ಯಾರ್ಥಿಗಳಿಗಿಂತ ಬೇಗ ಹಿಡಿದರು. ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅದು ನನ್ನ ಖಾರದ ತಪ್ಪಲ್ಲೇನೋ ತಮ್ಮಾ?” ಎಂದರು. ಅಲ್ಲವೆಂದೆ. “ಇದನ್ನ ಅವರ ಅಕ್ಕಗೋಳ ಮುಂದನೂ ಹೇಳು” ಎಂದರು. ಆ ಅಕ್ಕಂದಿರಲ್ಲಿ ನನ್ನ ತಾಯಿಯೂ ಒಬ್ಬರು.

ಇಂದು ಈ ಬ್ಯಾಕ್ಟೀರಿಯವನ್ನು ಗುರುತಿಸುವುದು ಕಷ್ಟವಲ್ಲ. ಉಸಿರಿನ ಪರೀಕ್ಷೆಯಿದೆ, ಮಲದ ಪರೀಕ್ಷೆಯಿದೆ. ಒಳದರ್ಶಕದಿಂದ ತೆಗೆದ ಚೂರನ್ನು ಯೂರಿಯದ ದ್ರಾವಣದಲ್ಲಿಟ್ಟು ಬಣ್ಣ ಬದಲಾಗುವುದನ್ನು ನೋಡುವ ಪರೀಕ್ಷೆಯಿದೆ. ಆಮ್ಲ ತಗ್ಗಿಸುವ ಮಾತ್ರೆಯೊಡನೆ ಎರಡು ಮೂರು ಬಗೆಯ ಔಷಧಿಗಳನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ಕೊಡುತ್ತಾರೆ. ನಮ್ಮ ಊರುಗಳಲ್ಲಿ ನಡೆಯುವುದು ಬೇರೆ. ಉರಿ ಎದ್ದರೆ ಅಂಗಡಿಯಿಂದ ಆಮ್ಲದ ಮಾತ್ರೆ ತಂದು ವರ್ಷಗಟ್ಟಲೆ ನುಂಗುತ್ತೇವೆ; ಒಕ್ಕಲು ಒಳಗೇ ಇರುತ್ತದೆ, ಹೊಗೆ ಮಾತ್ರ ಕಾಣದು. ಔಷಧಿ ಬರೆಸಿಕೊಂಡವರು ನಾಲ್ಕು ದಿನಕ್ಕೆ ನೋವು ನಿಂತಿತೆಂದು ಉಳಿದದ್ದನ್ನು ಗೂಡಿನಲ್ಲಿ ಇಡುತ್ತಾರೆ. ಹಾಗೆ ಅರ್ಧಕ್ಕೆ ಬಿಟ್ಟ ಔಷಧಿಗಳಿಂದಲೂ, ಬೇರೆ ಕಾಯಿಲೆಗಳಿಗೆ ಕಂಡಕಂಡಂತೆ ನುಂಗಿದ ಔಷಧಿಗಳಿಂದಲೂ ಈ ಬ್ಯಾಕ್ಟೀರಿಯ ಪಾಠ ಕಲಿತಿದೆ. ಅದರ ಮೇಲೆ ಪ್ರಯೋಗಿಸುವ ಮುಖ್ಯ ಔಷಧಿಯೊಂದಕ್ಕೆ ಬಗ್ಗದ ತಳಿಗಳನ್ನು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಿ ಅಗತ್ಯವಾದ ರೋಗಾಣುಗಳ ಪಟ್ಟಿಗೆ ಸೇರಿಸಬೇಕಾಯಿತು. ಕಬ್ಬು ಕಡಿದು ಬಂದ ಮೈನೋವಿಗೆ ಬರಿಹೊಟ್ಟೆಯಲ್ಲಿ ನುಂಗುವ ನೋವಿನ ಮಾತ್ರೆಯೂ ಹುಣ್ಣು ಮಾಡಬಲ್ಲದು; ಅದಕ್ಕೆ ಬ್ಯಾಕ್ಟೀರಿಯದ ನೆರವೂ ಬೇಕಿಲ್ಲ. ಇದನ್ನು ವೈದ್ಯರು ಹೇಳಬೇಕು; ನಾವು ಕೇಳಬೇಕು.

ಕೊಲ್ಲುವ ಔಷಧಿ ಹಳತಾಗುತ್ತಿರುವಾಗ ಹಿಡಿತವನ್ನು ತಪ್ಪಿಸುವ ಔಷಧಿ ಸಾಧ್ಯವೆ ಎಂದು ಹಲವರು ಯೋಚಿಸಿದ್ದಾರೆ. ಸೋಗಿನ ಕುಣಿಕೆಗಳನ್ನೇ, ಎಂದರೆ ಆ ಸಕ್ಕರೆಯ ಕೊಂಬೆಗಳನ್ನೇ, ಕುಡಿಸಿದರೆ ಬ್ಯಾಕ್ಟೀರಿಯ ಅವನ್ನು ಹಿಡಿದು ಮೋಸ ಹೋಗಬೇಕಲ್ಲ? ತಾಯಿಯ ಹಾಲಿನಲ್ಲಿ ಇಂಥ ಸಕ್ಕರೆಗಳು ಸಹಜವಾಗಿಯೇ ಇವೆ. ಅವುಗಳಲ್ಲೊಂದನ್ನು ಇಟಲಿಯಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಿ ನೋಡಿ 2003ರಲ್ಲಿ ವರದಿ ಮಾಡಿದರು, ಬ್ಯಾಕ್ಟೀರಿಯ ಜಗ್ಗಲಿಲ್ಲ. ಹಲವು ಕೊಕ್ಕೆಗಳಿರುವ ಜೀವಿಗೆ ಒಂದೇ ಕುಣಿಕೆಯ ಬಲೆ ಸಾಲದು. ಬಾಬ್-ಎ ಕೊಕ್ಕೆ ಸಕ್ಕರೆಯನ್ನು ಹಿಡಿದಿರುವ ಭಂಗಿಯನ್ನು ಅಣು ಅಣುವಾಗಿ ಚಿತ್ರಿಸಿದ್ದು 2015ರಲ್ಲಿ. ಆ ಚಿತ್ರವನ್ನು ಮುಂದಿಟ್ಟುಕೊಂಡು, ಅದರ ಸಂದಿಗೆ ಸರಿಯಾಗಿ ಕೂರುವ ಬೆಣೆಯೊಂದನ್ನು ಕಡೆಯುವ ಕೆಲಸ ಈಗ ಪ್ರಯೋಗಶಾಲೆಗಳಲ್ಲಿ ಸಾಗಿದೆ.